ತಲೆ ಬೋಳಿಸಿಕೊಂಡವರ ಮಗ

ನನ್ನ ಹೆಸರು ಕೇಳಿದ ಕನ್ನಡದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮೈಬಣ್ಣ ನೋಡುತ್ತಾರೆ, ಕೊನೆಗೆ ತಡೆಯಲಾರದೆ ಕೇಳಿಯೇ ಬಿಡುತ್ತಾರೆ. ಸುಧೀರ ಎನ್ನುವುದೇನೋ ಸರಿ, ಈ ಮ್ಯಾಕ್‌ಮಿಲನ್ ಎಲ್ಲಿಂದ ಬಂತು? ಕೆಲವರು ಹೆಂಡತಿಯ ಕಡೆಯದಿರಬೇಕು ಎಂದು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಕೆಲವರು ದನಿ ತಗ್ಗಿಸಿ, ಮತಾಂತರವೇ ಎಂದು ವಿಚಾರಿಸುತ್ತಾರೆ. ಅಂಗಡಿಯಲ್ಲಿ ಹುರುಳಿಕಾಳಿನ ಪೊಟ್ಟಣ ಕೈಯಲ್ಲಿ ಹಿಡಿದು ನಿಂತವನು ಕೊಡುವಂಥ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ "ಅದೊಂದು ದೊಡ್ಡ ಕಥೆ" ಎಂದು ಜಾರಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಅದು ದೊಡ್ಡ ಕಥೆಯೇನಲ್ಲ. ಒಂದು ಮನೆ, ಅದರೊಳಗೆ ನಾಲ್ಕು ಜನ. ಆ ನಾಲ್ವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ.

ಮನೆ ಸಾಂಟಾ ಕ್ಲಾರಾದಲ್ಲಿತ್ತು. ಏಪ್ರಿಕಾಟ್ ತೋಟ ಕಡಿದು ಕಟ್ಟಿದ ಒಂದೇ ಅಚ್ಚಿನ ಮನೆಗಳಲ್ಲಿ ಅದೂ ಒಂದು. ತೋಟದ ಗುರುತಿಗೆಂಬಂತೆ ಹಿತ್ತಿಲಲ್ಲಿ ಒಂದೇ ಒಂದು ಮರ ಉಳಿದಿತ್ತು. ದೇವರ ಮನೆ ಎಂದು ಬೇರೆ ಇರಲಿಲ್ಲ. ಅಜ್ಜಿಯ ಕೋಣೆಯಲ್ಲಿ ಬಟ್ಟೆ ತೂಗುಹಾಕಲು ಮಾಡಿದ್ದ ಗೂಡಿನೊಳಗೆ ದೇವರುಗಳು ಕೂತಿದ್ದರು. ಪಕ್ಕಕ್ಕೆ ಸರಿಯುವ ಬಾಗಿಲನ್ನು ಅಜ್ಜಿ ಬೆಳಗ್ಗೆ ಗರಗರ ಎಳೆದು ತೆಗೆಯುತ್ತಿದ್ದಳು, ನನಗೆ ಎಚ್ಚರವಾಗುತ್ತಿದ್ದದ್ದು ಆ ಸದ್ದಿಗೆ. ಅಜ್ಜಿ ಅಪ್ಪನ ತಾಯಿ. ಅಪ್ಪ ಅವಳಿಗೆ ಒಬ್ಬನೇ ಮಗ, ಹಾಗಾಗಿ ಮೈಸೂರಿನ ಮನೆಗೆ ಬೀಗ ಹಾಕಿ ಮಗನ ಹಿಂದೆ ಬಂದವಳು. ಅಪ್ಪನ ಹೆಸರು ನರಹರಿ. ಒಂದು ಸಂಜೆ ರೆಡ್‌ವುಡ್ ಸಿಟಿಯಿಂದ ಕೆಲಸ ಮುಗಿಸಿ ಬರುವಾಗ ಫ್ರೀವೇಯಲ್ಲಿ ಅವನ ಕಾರಿಗೆ ಲಾರಿ ಬಡಿಯಿತು. ನನಗಾಗ ಎಂಟು ವರ್ಷ, ಅಮ್ಮನಿಗೆ ಮೂವತ್ತೂ ತುಂಬಿರಲಿಲ್ಲ. ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಬಿಟ್ಟು ನಾವು ಮೂವರೂ ವಾಪಸು ಬಂದೆವು. ಅಲ್ಲೇ ಉಳಿದುಬಿಡಿ ಎಂದು ಎಲ್ಲರೂ ಹೇಳಿದರು. ಅಮ್ಮ ಮಾತ್ರ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತನಗೆ ಕೆಲಸವಿದೆ ಎಂದಳು. ಅಜ್ಜಿ "ಸೊಸೆ ಎಲ್ಲೋ ನಾನಲ್ಲೇ" ಎಂದು ಮತ್ತೆ ಬೀಗ ಹಾಕಿದಳು.

ನಮ್ಮಲ್ಲಿ ಮನೆತನದ ಹೆಸರು ಎಂಬುದಿಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಮುಂದೆ ನಮ್ಮ ಹೆಸರು. ಈ ದೇಶಕ್ಕೆ ಅದು ಅರ್ಥವಾಗುವುದಿಲ್ಲ. ಹಾಗಾಗಿ ಶಾಲೆಯಲ್ಲಿ ಅಪ್ಪನ ಹೆಸರೇ ನನ್ನ ಮನೆತನವಾಯಿತು. ಮೇಷ್ಟರು ದಿನಾ ಬೆಳಗ್ಗೆ "ನಾರಾಹ್ಯಾರಿ?" ಎಂದು ಕೂಗುತ್ತಿದ್ದರು, ನಾನು ಕೈ ಎತ್ತುತ್ತಿದ್ದೆ. ಹಲ್ಲಿನ ಡಾಕ್ಟರ ಹತ್ತಿರವೂ ಅದೇ. ಅಜ್ಜಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಆದರೆ ನನ್ನ ಹಲ್ಲು ತೋರಿಸುವ ದಿನ ತಾನೂ ಬರುತ್ತೇನೆ ಎಂದು ಸೀರೆ ಬದಲಿಸಿ ನಿಲ್ಲುತ್ತಿದ್ದಳು. ಯಾಕೆ ಎಂದು ಆಗ ಗೊತ್ತಾಗಿರಲಿಲ್ಲ. ನರ್ಸು ಬಾಗಿಲಿಗೆ ಬಂದು ಅಪ್ಪನ ಹೆಸರನ್ನು ಸೊಟ್ಟಸೊಟ್ಟಾಗಿ ಕೂಗಿದಾಗ ಅವಳ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಆ ಹೆಸರು ಕೇಳಿಬರುತ್ತಿರಲಿಲ್ಲ. ಅಜ್ಜಿಗೆ ಅವನು ಸಾಯುವತನಕ ಪುಟ್ಟು. ಅಮ್ಮ ಅಂತೂ ಹೇಳುವ ಹಾಗೇ ಇರಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ಬೆಳೆದವಳು ಅವಳು, ಗಂಡ ಹೋದ ಮೇಲೂ ಆ ಕಟ್ಟು ಸಡಿಲಾಗಲಿಲ್ಲ. ಬ್ಯಾಂಕಿನಲ್ಲೋ ಆಫೀಸಿನಲ್ಲೋ ಕೇಳಿದರೆ ಅಜ್ಜಿಯನ್ನು ಮೊಣಕೈಯಿಂದ ತಿವಿಯುತ್ತಿದ್ದಳು. ಫೋನಿನಲ್ಲಾದರೆ ಎನ್, ಎ, ಆರ್ ಎಂದು ಬಿಡಿ ಅಕ್ಷರಗಳನ್ನು ಒಪ್ಪಿಸುತ್ತಿದ್ದಳು. ಬಿಡಿಸಿ ಹೇಳಿದರೆ ದೋಷವಿಲ್ಲವೆಂದು ಅವಳೇ ಮಾಡಿಕೊಂಡ ಕಾನೂನು.

ಅಪ್ಪ ಹೋದ ಮೇಲೂ ಅವನ ಹೆಸರಿಗೆ ಅಂಚೆ ಬರುವುದು ನಿಲ್ಲಲಿಲ್ಲ. ಟೈರು ಮಾರುವವರು, ಹಡಗಿನ ಪ್ರವಾಸದವರು, ಕ್ರೆಡಿಟ್ ಕಾರ್ಡಿನವರು ಯಾರಿಗೂ ಅವನು ಸತ್ತ ಸುದ್ದಿ ಮುಟ್ಟಿರಲಿಲ್ಲ. ನಮ್ಮ ಬೀದಿಯ ಪೋಸ್ಟ್‌ಮ್ಯಾನು ನೀಲ್ ಒಂದು ದಿನ ಬಾಗಿಲು ತಟ್ಟಿ, ಬೇಡವೆಂದರೆ ಇವನ್ನು ನಿಲ್ಲಿಸುವ ವ್ಯವಸ್ಥೆ ಇದೆ ಎಂದು ಮೆಲ್ಲಗೆ ಹೇಳಿದ. ಅಮ್ಮ "ಬರಲಿ ಬಿಡಿ" ಎಂದಳು. ಅವನು ಲಕೋಟೆಯ ಮೇಲೆ ಬೆರಳಿಟ್ಟು, ಈ ಹೆಸರನ್ನು ಸರಿಯಾಗಿ ಹೇಗೆ ಹೇಳುತ್ತಾರೆ ಎಂದು ಕೇಳಿದ. ಅಮ್ಮ ನನ್ನನ್ನು ಮುಂದೆ ದೂಡಿದಳು. ನಾನು ಹೇಳಿಕೊಟ್ಟೆ. ಅವನು ಪಾಠ ಒಪ್ಪಿಸುವ ಹುಡುಗನ ಹಾಗೆ ನನ್ನ ಹಿಂದೆ ಹೇಳಿದ, ತಪ್ಪಿದ ಕಡೆ ತಿದ್ದಿಕೊಂಡ. ಅಡುಗೆಮನೆಯಿಂದ ಅದನ್ನು ಕೇಳಿಸಿಕೊಂಡ ಅಜ್ಜಿ ಹೊರಗೆ ಬಂದು ಅವನಿಗೆ ಕಾಫಿ ಕೊಟ್ಟಳು.

ಹೀಗೆ ಕಾಫಿಯಿಂದ ಶುರುವಾದದ್ದು ಎರಡು ವರ್ಷದಲ್ಲಿ ಮದುವೆಯಾಯಿತು. ಜನ ಆಡಿಕೊಂಡರು. ಇಂಜಿನಿಯರನ ಹೆಂಡತಿ ಪೋಸ್ಟ್‌ಮ್ಯಾನನ್ನು ಕಟ್ಟಿಕೊಂಡಳು ಎಂದು ಲಾಸ್ ಆಲ್ಟೋಸಿನ ದೊಡ್ಡ ಮನೆಗಳ ಹೆಂಗಸರು ಸತ್ಯನಾರಾಯಣ ಪೂಜೆಗೆ ಕರೆಯುವುದನ್ನೇ ಬಿಟ್ಟರು. ಅತ್ತೆಯೇ ನಿಂತು ಸೊಸೆಯ ಮದುವೆ ಮಾಡಿಸಿದಳಂತೆ, ಯಾವ ಸೀಮೆ ಮುದುಕಿ ಅದು ಎಂದು ಇನ್ನೊಂದು ಮಾತು. ಆ ಮಾತು ನಿಜ. ಅಮ್ಮ ಹಿಂದೆಮುಂದೆ ನೋಡುತ್ತಿದ್ದಾಗ ಗದರಿಸಿ ಒಪ್ಪಿಸಿದವಳು ಅಜ್ಜಿ. ಅಷ್ಟು ಮಡಿ ಮೈಲಿಗೆಯ ಹೆಂಗಸು ಹಾಗೆ ಯಾಕೆ ಮಾಡಿದಳು ಎಂಬುದು ಅಮ್ಮನಿಗೂ ಆಗ ಗೊತ್ತಿರಲಿಲ್ಲ.

ನೀಲ್ ನಮ್ಮ ಮನೆಗೆ ಬಂದವನು ಯಾವ ಕುರ್ಚಿಯನ್ನೂ ಅತ್ತಿತ್ತ ಸರಿಸಲಿಲ್ಲ. ಬೂಟನ್ನು ಹೊರಗೇ ಬಿಡುತ್ತಿದ್ದ. ಟೀವಿಯ ಮೇಲೆ ತೂಗುಹಾಕಿದ್ದ ಅಪ್ಪನ ಫೋಟೋದ ಧೂಳನ್ನು ವಾರಕ್ಕೊಮ್ಮೆ ತಾನೇ ಒರೆಸುತ್ತಿದ್ದ. ಸಾರನ್ನು ಬಟ್ಟಲಿಗೆ ಹಾಕಿಸಿಕೊಂಡು ಚಮಚದಲ್ಲಿ ಕುಡಿಯುತ್ತಿದ್ದ, ಅನ್ನವನ್ನು ಬೇರೆಯಾಗಿ ತಿನ್ನುತ್ತಿದ್ದ. ಅಜ್ಜಿ ಅವನಿಗೆ ನೀಲಪ್ಪ ಎಂದು ಹೆಸರಿಟ್ಟಳು. ಅವಳು ಕನ್ನಡದಲ್ಲಿ ಬಯ್ಯುತ್ತಿದ್ದಳು, ಅವನು ಇಂಗ್ಲಿಷಿನಲ್ಲಿ ನಗುತ್ತಿದ್ದ, ನನ್ನಿಂದ ಇಬ್ಬರಿಗೂ ಸಿಗುತ್ತಿದ್ದದ್ದು ಇಂಗ್ಲಿಷ್ ಉತ್ತರ. ನನಗೆ ಅವನು ಇಷ್ಟವಾಗಿದ್ದ. ಅಪ್ಪನ ಜಾಗದಲ್ಲಿ ಕೂರಲು ಬಂದವನಲ್ಲ ಎಂಬುದು ಮಕ್ಕಳಿಗೂ ಗೊತ್ತಾಗುತ್ತದೆ.

ಮರುವರ್ಷ ನಾನು ಏಪ್ರಿಕಾಟ್ ಮರದಿಂದ ಬಿದ್ದು ಕೈ ಮುರಿದುಕೊಂಡೆ. ಅಮ್ಮ ಕೆಲಸದಲ್ಲಿದ್ದಳು. ನೀಲ್ ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ನನ್ನ ಹೆಸರು ಬೇರೆ, ಅವನದು ಬೇರೆ, ಬಣ್ಣವಂತೂ ಬೇರೆಯೇ. ನೀವು ಈ ಹುಡುಗನ ತಂದೆಯೇ ಎಂದು ಕೇಳಿದರೆ ಅವನು ಸುಳ್ಳು ಹೇಳಲಾರ. ಅಮ್ಮ ಬಂದು ಸಹಿ ಹಾಕುವತನಕ ನಾನು ಅವನ ತೊಡೆಯ ಮೇಲೆ ಅಳುತ್ತ ಕೂತಿದ್ದೆ, ಅವನೂ ಅಳುತ್ತಿದ್ದ. ಆಮೇಲೆ ಅವನು ಅಮ್ಮನನ್ನು ಕೇಳಿದ, ನಾನು ಇವನನ್ನು ಕಾನೂನಿನ ಪ್ರಕಾರ ಮಗನನ್ನಾಗಿ ಮಾಡಿಕೊಳ್ಳಲೇ ಎಂದು. ಹೆಸರು ಬದಲಾಗಲೇಬೇಕೆಂದಿಲ್ಲ, ಅದು ನಿಮ್ಮ ಇಷ್ಟ ಎಂದೂ ಹೇಳಿದ. ಅಮ್ಮ ಇದನ್ನು ರಾತ್ರಿಯ ಊಟದ ಹೊತ್ತಿಗೆ ಅಜ್ಜಿಯ ಮುಂದಿಟ್ಟಳು. ಅಜ್ಜಿ ಬೇಡವೆನ್ನಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ತಟ್ಟೆ ಹಿಡಿದು ಕೂತವಳು ತನಗೆ ಸಹಜವಾದ ಪ್ರಶ್ನೆಯನ್ನೇ ಕೇಳಿದಳು.

"ಅವ್ರ ಹೆಸ್ರಿಗೆ ಅರ್ಥ ಏನಂತೆ ಕೇಳು ಜಯಾ. ದೇವ್ರ ಹೆಸ್ರಾ, ಊರಿನ ಹೆಸ್ರಾ?"

ನೀಲ್‌ಗೆ ಖುಷಿಯಾಯಿತು. ಅದುವರೆಗೆ ಅದನ್ನು ಯಾರೂ ಅವನಿಂದ ಕೇಳಿರಲಿಲ್ಲ. ತನ್ನ ತಾತ ಸ್ಕಾಟ್‌ಲೆಂಡಿನಿಂದ ಹಡಗು ಕಟ್ಟುವ ಕೆಲಸಕ್ಕೆ ಇಲ್ಲಿಗೆ ಬಂದವನು, ತಾನು ಆ ದೇಶವನ್ನು ಕಂಡೇ ಇಲ್ಲ, ಅಲ್ಲಿಂದ ತನಗೆ ಬಂದಿರುವುದು ಈ ಹೆಸರೊಂದೇ ಎಂದ. ಮ್ಯಾಕ್ ಎಂದರೆ ಅವರ ಹಳೆಯ ಭಾಷೆಯಲ್ಲಿ ಮಗ. ಮಿಕ್ಕಿದ್ದಕ್ಕೆ ತಲೆ ಬೋಳಿಸಿಕೊಂಡವರು ಎಂದು ಅರ್ಥ. ಇಷ್ಟನ್ನು ಅವನು ಎದೆಯುಬ್ಬಿಸಿ ಹೇಳಿ ಅಮ್ಮನ ಕಡೆ ನೋಡಿದ, ಕನ್ನಡದಲ್ಲಿ ಹೇಳು ಎನ್ನುವ ಹಾಗೆ. ಅಮ್ಮನ ಮುಖ ಬಿಳಿಚಿಕೊಂಡಿತ್ತು.

"ಏನಂತೆ?" ಎಂದಳು ಅಜ್ಜಿ.

"ಏನೋ ಹಳೇ ಕಾಲದ್ದು ಅಮ್ಮ. ಬಿಡಿ, ಅನ್ನ ಬಡಿಸ್ಲಾ?"

"ಕೇಳಿದ್ದಕ್ಕೆ ಹೇಳು."

"ತಲೆ ಬೋಳಿಸಿಕೊಂಡವರ ಮಗ ಅಂತ."

ಕನ್ನಡ ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ. ಆ ಮಾತನ್ನು ಬೀದಿಯಲ್ಲಿ ಹೇಗೆ ಹೇಳುತ್ತಾರೆ ಎಂಬುದು ಹನ್ನೊಂದು ವರ್ಷದ ನನಗೂ ಗೊತ್ತಿತ್ತು. ಅಸ್ಥಿ ಬಿಡಲು ಹೋದಾಗ ಮೈಸೂರಿನ ಓಣಿಯಲ್ಲಿ ಕ್ರಿಕೆಟ್ ಆಡುವ ಹುಡುಗರು ಕ್ಯಾಚು ಬಿಟ್ಟವನನ್ನೆಲ್ಲ ಬೋಳಿಮಗ ಎನ್ನುತ್ತಿದ್ದರು. ಗಂಡ ಸತ್ತು ತಲೆ ಬೋಳಿಸಿಕೊಂಡವಳ ಮಗ. ತಮ್ಮ ಬಾಯಲ್ಲಿ ಬರುತ್ತಿರುವುದು ಏನೆಂದು ಆ ಹುಡುಗರಿಗೂ ಗೊತ್ತಿರಲಿಲ್ಲ. ಅಪ್ಪನನ್ನು ಹೊಳೆಗೆ ಬಿಟ್ಟು ಬಂದ ವಾರ ಅದನ್ನು ಕೇಳಿಸಿಕೊಂಡ ನನಗೆ ಅದು ನನ್ನದೇ ಹೆಸರು ಎನಿಸಿ ಮೈಯೆಲ್ಲ ಬಿಸಿಯಾಗಿತ್ತು. ಅಮ್ಮನ ಮಾತು ಕೇಳಿದ ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಎದ್ದು ಕೈತೊಳೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀಲ್ ಚಮಚ ಹಿಡಿದು ಹಾಗೇ ಕೂತಿದ್ದ.

ಆ ವಾರವಿಡೀ ಅಜ್ಜಿ ಅವನ ಬಟ್ಟಲಿಗೆ ತಾನೇ ಸಾರು ಹಾಕಲಿಲ್ಲ. ಗಂಡ ಸತ್ತವಳ ಮಗನಿಗೆ ಹುಡುಕಿ ಹುಡುಕಿ ಇದೇ ಹೆಸರು ಸಿಗಬೇಕೇ ಎಂದು ದೇವರ ಗೂಡಿನ ಮುಂದೆ ಗೊಣಗುವುದು ಕೇಳಿಸುತ್ತಿತ್ತು. ನೀಲ್ ಅಮ್ಮನನ್ನು ಪೀಡಿಸಿದ, ನಾನೇನು ತಪ್ಪು ಮಾಡಿದೆ ಹೇಳು ಎಂದು. ಅಮ್ಮ ನಾಚಿಕೆ ಬಿಟ್ಟು ಹೇಳಿದಾಗ ಮೊದಲು ಅವನಿಗೆ ನಗು ಬಂತಂತೆ. ನಮ್ಮಲ್ಲಿ ಯಾರ ತಲೆಯನ್ನು ಯಾಕೆ ಬೋಳಿಸುತ್ತಿದ್ದರು ಎಂದು ಕೇಳಿದ ಮೇಲೆ ಅವನ ನಗು ನಿಂತಿತು.

ಭಾನುವಾರ ಅಜ್ಜಿ ಹಿತ್ತಿಲಲ್ಲಿ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. ಆ ಬಿಸಿಲು ಮಾತ್ರ ನಮ್ಮೂರಿಗಿಂತ ವಾಸಿ ಎಂದು ಅವಳು ಒಪ್ಪುತ್ತಿದ್ದಳು. ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ನನಗೆ ಇನ್ನೊಂದು ಕೈಯಲ್ಲಿ ಕೋಲು ಕೊಟ್ಟು ಹಕ್ಕಿ ಓಡಿಸಲು ಕೂರಿಸಿದ್ದಳು. ನೀಲ್ ಬಂದು ಅವಳ ಎದುರಿಗೆ ನೆಲದ ಮೇಲೆಯೇ ಕೂತ. ಅಮ್ಮನನ್ನು ಕರೆದು, ನಾನು ಹೇಳಿದ್ದನ್ನು ಹೇಳಿದಷ್ಟೇ ಹೇಳು ಎಂದ. ತಾತ ಹೇಳುತ್ತಿದ್ದ ಪ್ರಕಾರ ತಲೆ ಬೋಳಿಸಿಕೊಂಡವನು ಒಬ್ಬ ಗಂಡಸು, ಅಲ್ಲಿಯ ಹಳೆಯ ಮಠದವನು. ಈ ಕಿವಿಯಿಂದ ಆ ಕಿವಿಯವರೆಗೆ ಮುಂದಲೆ ಬೋಳಿಸಿ ಹಿಂದೆ ಕೂದಲು ಬಿಡುತ್ತಿದ್ದರಂತೆ. ನೀಲ್ ತನ್ನ ಹಣೆಯ ಮೇಲೆ ಬೆರಳೆಳೆದು ತೋರಿಸಿದ. ಆ ಮಠದವನ ಸ್ವಂತ ಹೆಸರೇನೆಂದು ಯಾರಿಗೂ ತಿಳಿಯದು, ಉಳಿದದ್ದು ಬೋಳಿಸಿದ ತಲೆಯೊಂದೇ. ಇದೆಲ್ಲ ನಿಜವೋ ಸುಳ್ಳೋ ತನಗೂ ಗೊತ್ತಿಲ್ಲ ಎಂದ.

"ನಮ್ಮ ಮಾವನೋರ ಜುಟ್ಟಿನ ಹಾಗೆ," ಎಂದಳು ಅಜ್ಜಿ. ಸ್ವಲ್ಪ ಹೊತ್ತು ಸಂಡಿಗೆ ಇಟ್ಟಳು. "ಸರಿಯೇ ಹೋಯ್ತು. ಗಂಡಸು ಬೋಳಿಸ್ಕೊಂಡ್ರೆ ಸನ್ಯಾಸಿ, ಹೆಂಗಸಿನ ತಲೆ ಬೋಳಿಸಿದ್ರೆ ಮುಂಡೆ. ಅವ್ನನ್ನ ಕೇಳು ಜಯಾ, ಹಾಗೆ ಕರೆಸ್ಕೊಳ್ಳೋಕೆ ಆ ಮಕ್ಕಳಿಗೆ ನಾಚಿಕೆ ಆಗ್ಲಿಲ್ವಂತಾ?"

ಅಮ್ಮ ಕೇಳಿದಳು. ನೀಲ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾಚಿಕೆ ಯಾಕೆ ಎಂದ. ತಾತ ಇಲ್ಲಿ ಮನೆ ಮಾಡಿದಾಗ ಮೊದಲು ಮಾಡಿದ ಕೆಲಸವೆಂದರೆ ಹಿತ್ತಾಳೆ ಅಕ್ಷರದಲ್ಲಿ ಆ ಹೆಸರು ಬರೆಸಿ ಬೀದಿ ಬಾಗಿಲಿಗೆ ಹೊಡೆದದ್ದು ಎಂದ.

ಅಜ್ಜಿಯ ಕೈ ನಿಂತಿತು. ಆಮೇಲೆ ಅವಳು ಹೇಳಿದ್ದನ್ನು ನಾವು ಯಾರೂ ಅದುವರೆಗೆ ಕೇಳಿರಲಿಲ್ಲ.

"ನನ್ನ ಸಾಕಿದ್ದು ನಮ್ಮ ಸೋದರತ್ತೆ ಕಣೇ, ವೆಂಕಮ್ಮ ಅಂತ. ನಮ್ಮಮ್ಮ ಹೆತ್ತು ಹೋದ್ಳು. ಅತ್ತೆಗೆ ಆಗ್ಲೇ ತಲೆ ಬೋಳಿಸಿದ್ರು. ಇನ್ನೂ ಹುಡುಗಿ, ಕಂಕುಳಲ್ಲಿ ಒಂದು ಮಗು, ಸುಬ್ಬು ಅಂತ. ಬೆಳಿಗ್ಗೆ ಎದ್ದು ಯಾರೂ ಅವ್ಳ ಮುಖ ನೋಡ್ಬಾರ್ದು, ಅದಕ್ಕೇ ಹಿಂದಿನ ಕೋಣೆ. ಸುಬ್ಬೂನ ಬೀದೀಲಿ ಎಲ್ರೂ ಅದೇ ಮಾತಲ್ಲಿ ಕರೀತಿದ್ರು. ಅವನು ಬೊಂಬಾಯಿಗೆ ಹೋದೋನು ಅವ್ಳು ಸತ್ತಾಗ್ಲೂ ಬರ್ಲಿಲ್ಲ. ಅವ್ಳ ಮಗ ಅಂತ ಹೇಳ್ಕೊಳ್ಳೋಕೆ ಆಗ್ಲಿಲ್ಲ ಅವನ ಕೈಲಿ. ನಂಗಾದ್ರೂ ಆಯ್ತಾ? ನನ್ನ ನೋಡೋಕೆ ಗಂಡಿನ ಕಡೆಯೋರು ಬಂದ ದಿನ ಅತ್ತೇನ ಕೊಟ್ಟಿಗೇಲಿ ಕೂರಿಸಿದ್ರು. ನನ್ನ ತಲೆ ಬಾಚಿ ಹೂ ಮುಡಿಸಿ ಕಳಿಸಿದೋಳು ಅವ್ಳೇ. ನಿಮ್ಮನ್ನ ಸಾಕಿದೋರು ಯಾರಮ್ಮ ಅಂದ್ರು. ನಾನು ಅಜ್ಜಿ ಅಂದ್ಬಿಟ್ಟೆ."

ಅಮ್ಮ ಇದನ್ನು ಇಂಗ್ಲಿಷಿಗೆ ತರಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಅಮ್ಮನ ಮದುವೆಗೆ ಅಜ್ಜಿ ಯಾಕೆ ಹಟ ಹಿಡಿದಳು ಎಂಬುದು ಆಗ ನಮಗೆ ತಿಳಿಯಿತು. ಹಕ್ಕಿಗಳು ಸಂಡಿಗೆಗೆ ಬಾಯಿ ಹಾಕಿದವು, ನಾನು ಓಡಿಸಲಿಲ್ಲ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ನೀಲ್ ಕಡೆ ತಿರುಗಿ, ಅವನಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ನೋಡದೆ ನೇರವಾಗಿ ಕನ್ನಡದಲ್ಲೇ ಹೇಳಿದಳು.

"ಇವನಿಗೆ ನಿನ್ನ ಹೆಸ್ರೇ ಇರ್ಲಿ ನೀಲಪ್ಪ. ತಲೆ ಬೋಳಿಸ್ಕೊಂಡೋರ ಮಗ ಅಂತ ನಮ್ಮ ಮನೇಲೂ ಒಬ್ಬ ತಲೆ ಎತ್ಕೊಂಡು ಹೇಳ್ಕೊಳ್ಳಲಿ."

"ಅಮ್ಮ, ನಿಮ್ಮ ಮಗನ ಹೆಸ್ರು ಹೋಗತ್ತೆ," ಎಂದಳು ಅಮ್ಮ.

"ಗೊತ್ತು ಕಣೇ. ನಾನು ಹೆತ್ತೋನ ಹೆಸ್ರು ನಂಗೆ ಗೊತ್ತಿಲ್ವಾ."

ಹೇಳಿದಷ್ಟು ಸುಲಭವಾಗಿ ಅವಳು ಅದನ್ನು ಬಿಡಲಿಲ್ಲ. ಅಪ್ಪನ ಹೆಸರನ್ನು ನಡುವಿನ ಹೆಸರಾಗಿ ಇಟ್ಟುಕೊಳ್ಳಬಹುದು ಎಂದು ನೀಲ್ ಹೇಳಿದಾಗ ಅವಳಿಗೆ ಉಸಿರು ಬಂದಂತಾಯಿತು. ನಡುವಿನ ಹೆಸರನ್ನು ಈ ದೇಶದಲ್ಲಿ ಯಾರೂ ಕೂಗುವುದಿಲ್ಲ, ಅದು ಕೊನೆಗೆ ಒಂದು ಅಕ್ಷರವಾಗಿ ಕೂರುತ್ತದೆ ಎಂದು ಅವಳಿಗೆ ಹೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಅವಳೇ ಅದನ್ನು ಕಂಡುಕೊಂಡಳು. ಹಲ್ಲಿನ ಡಾಕ್ಟರಲ್ಲಿ ಇನ್ನು ಹೇಗೆ ಕರೆಯುತ್ತಾರೆ ಎಂದು ಒಂದು ದಿನ ನನ್ನನ್ನು ಕೇಳಿದಳು. ನಾನು ಹೇಳಿದೆ. ಅವಳು ಮತ್ತೆ ಕೇಳಲಿಲ್ಲ. ಹೆಸರು ಬದಲಾದ ಮೇಲೆ ಅವಳು ಒಮ್ಮೆಯೂ ಹಲ್ಲಿನ ಡಾಕ್ಟರ ಹತ್ತಿರ ನಮ್ಮ ಜೊತೆ ಬರಲಿಲ್ಲ. ನನಗೂ ಸಂಕಟವಿತ್ತು. ನನ್ನನ್ನು ಯಾರು ಏನೆಂದು ಕೂಗಿದರೆ ಏನು, ಆದರೆ ಇಷ್ಟು ದೊಡ್ಡ ಊರಿನಲ್ಲಿ ಅಪ್ಪನ ಹೆಸರು ದಿನಕ್ಕೊಮ್ಮೆ ಗಟ್ಟಿಯಾಗಿ ಕೇಳಿಸುತ್ತಿದ್ದದ್ದು ನನ್ನ ತರಗತಿಯಲ್ಲಿ ಮಾತ್ರ. ಅಪ್ಪ ಇನ್ನೊಮ್ಮೆ ಸಾಯುತ್ತಾನೆ ಎಂದು ನನಗೆ ಅನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಕನ್ನಡವೂ ಸಾಲಲಿಲ್ಲ, ಇಂಗ್ಲಿಷೂ ಸಾಲಲಿಲ್ಲ.

ಕೋರ್ಟಿಗೆ ನಾಲ್ವರೂ ಹೋದೆವು. ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ನೀಲ್ ಕುತ್ತಿಗೆ ಬಿಗಿಯುವ ಟೈ ಕಟ್ಟಿದ್ದ. ಅದು ಸಿನಿಮಾದ ಕೋರ್ಟಿನ ಹಾಗಿರಲಿಲ್ಲ, ಶಾಲೆಯ ಆಫೀಸಿನ ಹಾಗಿತ್ತು. ಜಡ್ಜು ಬಿಳಿಗೂದಲಿನ ಹೆಂಗಸು, ಮೇಜಿನ ಮೇಲೆ ಮಕ್ಕಳಿಗೆಂದು ಪೆಪ್ಪರ್‌ಮಿಂಟು ಇಟ್ಟಿದ್ದಳು. ಅಜ್ಜಿಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಜಡ್ಜು ನನ್ನನ್ನು ಒಂದೆರಡು ಮಾತು ಕೇಳಿದಳು, ನೀಲ್‌ನಿಂದ ಪ್ರಮಾಣ ಮಾಡಿಸಿಕೊಂಡಳು. ಆಮೇಲೆ ಅಮ್ಮನ ಕಡೆ ತಿರುಗಿ, ಇವನ ತೀರಿಕೊಂಡ ತಂದೆಯ ಹೆಸರು ಹೇಳಿ ಎಂದಳು.

ಅಮ್ಮ ಹಿಂದಕ್ಕೆ ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಎದ್ದು ನಿಂತಳು. ಅಲ್ಲಿದ್ದ ಪೊಲೀಸಿನವನು, ತಾಯಿಯೇ ಹೇಳಬೇಕು ಎಂದು ಮೆಲ್ಲಗೆ ಕೈಸನ್ನೆ ಮಾಡಿದ. ಅಮ್ಮ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ ಮುಂದಕ್ಕೆ ತಿರುಗಿ, ಎನ್, ಎ, ಆರ್ ಎಂದು ಶುರುಮಾಡಿದಳು. ಜಡ್ಜು ಕೈಯೆತ್ತಿ ತಡೆದಳು. ಅಕ್ಷರಗಳು ನನ್ನ ಮುಂದೆಯೇ ಇವೆ, ನಾನು ಈಗ ಇದನ್ನು ಗಟ್ಟಿಯಾಗಿ ಓದಬೇಕು, ಸತ್ತವರ ಹೆಸರನ್ನು ತಪ್ಪಾಗಿ ಓದಲು ನನಗೆ ಇಷ್ಟವಿಲ್ಲ, ನೀವು ಹೇಳಿದರೆ ಕೇಳಿಸಿಕೊಂಡು ಓದುತ್ತೇನೆ ಎಂದಳು.

ಅಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಇಡೀ ಕೋಣೆ ಅವಳ ಬಾಯನ್ನೇ ನೋಡುತ್ತಿತ್ತು. ಹಿಂದಿನಿಂದ ಅಜ್ಜಿ, ಅದು ಕೋರ್ಟು ಎನ್ನುವುದನ್ನೂ ಮರೆತು, ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು.

"ಹೇಳು ಜಯಾ. ಒಂದ್ಸಲ ಕರಿ ಅವನ್ನ."

"ನರಹರಿ," ಎಂದಳು ಅಮ್ಮ.

ಆ ದನಿ ನನಗೆ ಗೊತ್ತಿದ್ದ ಅಮ್ಮನ ದನಿಯಾಗಿರಲಿಲ್ಲ. ಒಳಗಿನ ಕೋಣೆಯಲ್ಲಿರುವ ಗಂಡನನ್ನು ಊಟಕ್ಕೆ ಕರೆಯುವ, ಇನ್ನೂ ಸಂಕೋಚ ಬಿಡದ ಹೊಸ ಹೆಂಡತಿಯ ದನಿಯಾಗಿತ್ತು. ಜಡ್ಜು ಅದನ್ನು ಅವಳ ಹಿಂದೆಯೇ ಮೆಲ್ಲಗೆ ಹೇಳಿದಳು, ಪರವಾಗಿಲ್ಲ ಎನ್ನುವಷ್ಟು ಸರಿಯಾಗಿ, ಧನ್ಯವಾದ ಎಂದಳು, ಪೆನ್ನು ತೆಗೆದು ಸಹಿ ಹಾಕಿದಳು. ನೀಲ್ ನನ್ನ ಹೆಗಲ ಮೇಲೆ ಕೈಯಿಟ್ಟ. ಇನ್ನು ಹೊರಡಬಹುದು ಎಂದರು, ನಾವು ಬಾಗಿಲ ಕಡೆ ತಿರುಗಿದೆವು. ಅಮ್ಮ ಮಾತ್ರ ಮೇಜಿನ ಮುಂದೆ ನಿಂತಲ್ಲೇ ನಿಂತಿದ್ದಳು. ಯಾರೂ ಕೇಳದಿದ್ದರೂ ಆ ಹೆಸರನ್ನು ಮತ್ತೊಮ್ಮೆ ಹೇಳಿದಳು.